ಹದಿನೇಳನೆಯ ಕಲ್ಲು

ಪ್ರಶ್ನೆ ಮೇಷ್ಟ್ರು ತಮ್ಮ ಅರವತ್ತೆಂಟು ವರ್ಷಗಳ ಬದುಕಿನಲ್ಲಿ ಒಂದೇ ಒಂದು ಪ್ರಯೋಗ ಮಾಡಿದ್ದಾರೆ. ಅದರ ಫಲಿತಾಂಶ ಸರಿಯಾಗಿತ್ತು. ಅದನ್ನು ಅವರು ಮಾಡಿದ್ದು ಸ್ವಂತ ಮಗಳಿಗೆ ನ್ಯಾಯವಾಗಿ ಬರಬೇಕಾಗಿದ್ದ ಐದು ಅಂಕಗಳು ಬಾರದಂತೆ ನೋಡಿಕೊಳ್ಳುವುದಕ್ಕೆ.

ಈ ಸಂಗತಿಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಕೇಳಿದವರಿಗೆಲ್ಲ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಇಲ್ಲಿರುವ ವಿವರಗಳಿಗೆ ಅವರದೇ ಹೇಳಿಕೆ, ಅವರ ಹೆಂಡತಿಯ ಮತ್ತು ಮಗಳ ಹೇಳಿಕೆಗಳು, ಕಾಲೇಜಿನ ಪ್ರಯೋಗಾಲಯವನ್ನು ಇಪ್ಪತ್ತಾರು ವರ್ಷ ನೋಡಿಕೊಂಡ ಸಹಾಯಕಿಯ ಮಾತು ಹಾಗೂ ಪರಿಶೀಲನಾ ಸಭೆಯ ಒಂದು ಪುಟದ ನಡಾವಳಿ ಆಧಾರ. ನಾಲ್ವರೂ ಬೇರೆ ಬೇರೆ ದಿನ ಮಾತನಾಡಿದ್ದಾರೆ. ಆಶ್ಚರ್ಯವೆಂದರೆ, ಘಟನೆಗಳ ವಿಷಯದಲ್ಲಿ ನಾಲ್ವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅವುಗಳ ಅರ್ಥದ ವಿಷಯದಲ್ಲಿ ಮಾತ್ರ ಮೇಷ್ಟ್ರು ಒಂದು ಕಡೆ, ಉಳಿದ ಮೂವರು ಇನ್ನೊಂದು ಕಡೆ.

ಮೇಷ್ಟ್ರು ಯಾವ ಕಾಲೇಜಿನ ಮೇಷ್ಟ್ರೂ ಅಲ್ಲ. ವಿಜ್ಞಾನದಲ್ಲಿ ಪದವಿ ಪಡೆದು ಉಪನ್ಯಾಸಕರ ಹುದ್ದೆಗೆ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಆಯ್ಕೆಯಾಗದೆ, ಒಂದು ಮುದ್ರಣಾಲಯದ ಮಹಡಿಯ ಮೇಲಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿ ಪಾಠ ಶುರುಮಾಡಿದರು. ಕೆಳಗೆ ಯಂತ್ರ ಓಡುವಾಗ ಮೇಲಿನ ನೆಲ ನಡುಗುತ್ತಿತ್ತು. ಭೂಕಂಪದ ಪಾಠಕ್ಕೆ ಅದನ್ನೇ ಉದಾಹರಣೆಯಾಗಿ ತೋರಿಸಬಹುದಿತ್ತು. ಮೇಷ್ಟ್ರು ತೋರಿಸಲಿಲ್ಲ, ನಡುಕ ಪಾಠಕ್ಕೆ ಅಡ್ಡಿ ಎಂದು ಕಿಟಕಿ ಮುಚ್ಚಿಸಿದರು. ಮೂವತ್ತೊಂದನೆಯ ವಯಸ್ಸಿಗೆ ಜೀವಶಾಸ್ತ್ರ ಮತ್ತು ಭೂವಿಜ್ಞಾನದ ಪ್ರಶ್ನೋತ್ತರಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿ ಕೆಳಗಿನ ಯಂತ್ರದಲ್ಲೇ ಅಚ್ಚು ಹಾಕಿಸಿದರು. ರಟ್ಟು ನೀಲಿ ಬಣ್ಣದ್ದಾದ್ದರಿಂದ ವಿದ್ಯಾರ್ಥಿಗಳು ಅದನ್ನು ನೀಲಿ ಪುಸ್ತಕವೆಂದರು. ಅದರಲ್ಲಿ ಸಾವಿರದ ನಾನೂರ ಹನ್ನೆರಡು ಪ್ರಶ್ನೆಗಳಿದ್ದವು. ಪ್ರತಿಯೊಂದೂ ಒಂದೊಂದು ಕಾರ್ಡಿನ ಮೇಲೆ, ಕಾರ್ಡುಗಳು ಚಪ್ಪಲಿ ಡಬ್ಬಿಗಳಲ್ಲಿ, ಡಬ್ಬಿಗಳು ಮನೆಯ ಒಂದೇ ಬೀರುವಿನಲ್ಲಿ. ಹೆಂಡತಿಯ ಸೀರೆಗಳು ಆ ಬೀರುವಿನಿಂದ ಮೊದಲ ಮುದ್ರಣದ ವರ್ಷವೇ ಹೊರಬಿದ್ದು ಹಗ್ಗದ ಮೇಲೆ ಬದುಕು ಕಂಡುಕೊಂಡವು.

ಮೇಷ್ಟ್ರ ಲೋಕದಲ್ಲಿ ಸತ್ಯಕ್ಕೆ ಮೂರು ಅಳತೆಗಳಿದ್ದವು: ಎರಡು ಅಂಕದ್ದು, ಐದು ಅಂಕದ್ದು, ಹತ್ತು ಅಂಕದ್ದು. ಹೊಲಿಗೆಯವನು ಬಟ್ಟೆ ಕತ್ತರಿಸುವಂತೆ ಅವರು ಜ್ವಾಲಾಮುಖಿಯನ್ನೂ ಜೀವಕೋಶವನ್ನೂ ಈ ಮೂರು ಅಳತೆಗೆ ಕತ್ತರಿಸಿ ಮಡಿಸಿಡುತ್ತಿದ್ದರು. ಅಳತೆಗೆ ಸಿಗದದ್ದು ಅವರ ಪಾಲಿಗೆ ಇರಲೇ ಇಲ್ಲ. ಒಬ್ಬ ಹಳೆಯ ವಿದ್ಯಾರ್ಥಿನಿ ಒಮ್ಮೆ ಪಾಠದ ನಡುವೆ ಎದ್ದು ನಿಂತಿದ್ದನ್ನು ಅವರೇ ಮೆಚ್ಚುಗೆಯಿಂದ ನೆನೆಸಿಕೊಳ್ಳುತ್ತಾರೆ. ಮೆಚ್ಚುಗೆ ತಮ್ಮ ಉತ್ತರದ ಬಗ್ಗೆ.

"ಸರ್, ಬಿದಿರು ಹೂ ಬಿಟ್ಟ ಮೇಲೆ ಯಾಕೆ ಸಾಯುತ್ತೆ?"

"ಎಷ್ಟು ಅಂಕಕ್ಕೆ ಕೇಳ್ತಿದ್ದೀಯ?"

"ಅಂಕಕ್ಕಲ್ಲ ಸರ್. ಸುಮ್ನೆ."

"ಸುಮ್ನೆ ಕೇಳೋದಕ್ಕೆ ಉತ್ತರ ಇಲ್ಲ. ಕೂತ್ಕೋ."

ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂದು ಅವರು ಇಪ್ಪತ್ತೆಂಟು ವರ್ಷ ಬರೆಸಿದರು. ಒಂದು ಮಳೆಗಾಲದಲ್ಲಿ ನಿಜವಾದ ಕಪ್ಪೆಯೊಂದು ಮೆಟ್ಟಿಲೇರಿ ಪಾಠದ ಕೋಣೆಗೆ ಬಂದಾಗ ಬೆಂಚಿನ ಮೇಲೆ ಹತ್ತಿ ನಿಂತರು. ಅದನ್ನು ಅಂಗೈಯಲ್ಲಿ ಎತ್ತಿ ಹೊರಗೆ ಬಿಟ್ಟವಳು ಊಟದ ಡಬ್ಬಿ ತಂದಿದ್ದ ಒಂಬತ್ತು ವರ್ಷದ ಮಗಳು. ಕಪ್ಪೆಯ ಗಂಟಲ ಕೆಳಗಿನ ಚರ್ಮ ಪಟಪಟನೆ ಬಡಿದುಕೊಳ್ಳುತ್ತಿದ್ದುದನ್ನು ಅವಳು ಇಂದಿಗೂ ಬೆರಳು ಅಲುಗಿಸಿ ತೋರಿಸುತ್ತಾಳೆ. ಅದೇ ವರ್ಷ ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತ ಆಲೂಗಡ್ಡೆಯನ್ನು ಅಪ್ಪನ ಮುಂದೆ ತಂದು ಹಿಡಿದಿದ್ದಳು.

"ಅಪ್ಪ, ಇದು ಬೇರಲ್ಲ, ಕಾಂಡ. ನೋಡಿ, ಇದಕ್ಕೆ ಕಣ್ಣುಗಳಿವೆ. ಕಣ್ಣಿಂದ್ಲೇ ಮೊಳಕೆ ಬಂದಿದೆ."

"ಅದು ಮೂರನೇ ಕಾರಣ," ಎಂದರು ಮೇಷ್ಟ್ರು, ತಲೆ ಎತ್ತದೆ. "ಮೊದಲನೇದು, ಎರಡನೇದು ಹೇಳು."

ಪುಸ್ತಕದ ಬದನೆಕಾಯಿ ಎಂಬ ಮಾತು ಕನ್ನಡದಲ್ಲಿ ಯಾರನ್ನು ಕಂಡು ಹುಟ್ಟಿತೋ ತಿಳಿಯದು. ಹುಟ್ಟಿರದಿದ್ದರೆ ಈ ಮನೆಯಲ್ಲಿ ಹುಟ್ಟುತ್ತಿತ್ತು.

ಇನ್ನು ಕಲ್ಲಿನ ವಿಷಯ. ಕಾಲೇಜಿನ ಭೂವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯಲ್ಲಿ ಇಪ್ಪತ್ತು ಕಲ್ಲುಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಪ್ರತಿಯೊಂದರ ಮೇಲೂ ಕೆಂಪು ಎಣ್ಣೆ ಬಣ್ಣದಲ್ಲಿ ಬರೆದ ಸಂಖ್ಯೆ. ಎರಡು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತಾರೆ. ವಿದ್ಯಾರ್ಥಿ ಒಂದು ಕಲ್ಲು ಬಿಟ್ಟು ಮುಂದಿನದಕ್ಕೆ ಸರಿಯುತ್ತಾನೆ. ಕಲ್ಲನ್ನು ಕೈಗೆತ್ತಿಕೊಂಡು ನೋಡಲೆಂದು, ಗಾಜಿನ ಮೇಲೆ ಗೀರಿ ನೋಡಲೆಂದು, ಒಂದು ಹನಿ ಆಮ್ಲ ಬಿಟ್ಟು ನೋಡಲೆಂದು ಆ ಎರಡು ನಿಮಿಷ. ಆದರೆ ನೀಲಿ ಪುಸ್ತಕದ ಕೊನೆಯಲ್ಲಿ ಮೇಷ್ಟ್ರು ಕಾಲೇಜಿನ ಪಟ್ಟಿಯನ್ನೇ ಸಂಖ್ಯೆಸಮೇತ ಅಚ್ಚು ಹಾಕಿದ್ದರು. ಹಾಗಾಗಿ ವಿದ್ಯಾರ್ಥಿಗಳು ಕಲ್ಲನ್ನು ನೋಡುತ್ತಿರಲಿಲ್ಲ, ಸಂಖ್ಯೆಯನ್ನು ನೋಡುತ್ತಿದ್ದರು. ಹದಿನೇಳು ಎಂದರೆ ಬೆಣಚುಕಲ್ಲು: ಬಿಳಿ, ಗಟ್ಟಿ, ಗಾಜನ್ನು ಗೀರುತ್ತದೆ, ಆಮ್ಲಕ್ಕೆ ನೊರೆ ಬರುವುದಿಲ್ಲ. ಹೊರಗಿನಿಂದ ಎರಡು ದಿನದ ಮಟ್ಟಿಗೆ ಬರುತ್ತಿದ್ದ ಪರೀಕ್ಷಕರೂ ನೀಲಿ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು ಅಂಕ ಹಾಕುತ್ತಿದ್ದರು. ಕುರುಡನಿಗೆ ಕುರುಡ ದಾರಿ ತೋರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಬ್ಬರಿಗೂ ಕಣ್ಣು ಚೆನ್ನಾಗಿತ್ತು.

ಮೇಷ್ಟ್ರು ಪಟ್ಟಿ ನಕಲು ಮಾಡಿಕೊಂಡ ಕಾಲಕ್ಕೆ ಹದಿನೇಳನೆಯದು ನಿಜಕ್ಕೂ ಬೆಣಚುಕಲ್ಲೇ. ಮುಂದೆ ಕಾಲೇಜು ಹೊಸ ಕಟ್ಟಡಕ್ಕೆ ಹೋಗುವಾಗ ಪೆಟ್ಟಿಗೆಯೊಂದು ಒಡೆದು ನಾಲ್ಕು ಕಲ್ಲು ದಾರಿಯಲ್ಲಿ ಕಳೆದವು. ಅಂದಿನ ಉಗ್ರಾಣದ ಗುಮಾಸ್ತ ಮೂರನ್ನು ಹೇಗೋ ಹೊಂದಿಸಿದ. ನಾಲ್ಕನೆಯದಕ್ಕೆ ಹೊಸ ಮೆಟ್ಟಿಲ ಪಕ್ಕ ಬಿದ್ದಿದ್ದ ಅಮೃತಶಿಲೆಯ ಚೂರನ್ನೆತ್ತಿ, "ಎರಡೂ ಬಿಳೀನೇ ಅಲ್ವಾ," ಎಂದು ಹದಿನೇಳು ಬರೆದ. ಆಗ ಪೆಟ್ಟಿಗೆ ಹೊರುತ್ತಿದ್ದ ಸಹಾಯಕಿ ಇದನ್ನು ಕಿವಿಯಾರೆ ಕೇಳಿದ್ದಾರೆ. ಎಲ್ಲರೂ ಅವರನ್ನು ಲ್ಯಾಬ್ ಅಕ್ಕ ಎನ್ನುತ್ತಾರೆ. ಅಮೃತಶಿಲೆ ಗಾಜನ್ನು ಗೀರುವುದಿಲ್ಲ, ಆಮ್ಲ ಬಿದ್ದರೆ ಬುಸುಬುಸು ನೊರೆಯುಗುಳುತ್ತದೆ. ಆ ಮೇಜಿನ ಮೇಲೆ ಹದಿನಾಲ್ಕು ವರ್ಷ ಅದು ಬೆಣಚುಕಲ್ಲಾಗಿ ಬಾಳಿತು. ಆಮ್ಲದ ಸೀಸೆ ಪಕ್ಕದಲ್ಲೇ ಇತ್ತು.

"ಆ ಸೀಸೆನ ಒಂದೇ ಸಲ ತುಂಬಿಸಿದ್ದು ನಾನು," ಎನ್ನುತ್ತಾರೆ ಲ್ಯಾಬ್ ಅಕ್ಕ. "ಆಮೇಲೆ ತುಂಬಿಸೋ ಪ್ರಸಂಗನೇ ಬರ್ಲಿಲ್ಲ. ಮುಚ್ಚಳ ಅಂಟ್ಕೊಂಡು ಹೋಗಿತ್ತು. ಒಂದ್ಸಲ ನನಗೆ ತಲೆ ಕೆಟ್ಟು, ತಾಲೀಮು ಪರೀಕ್ಷೆಲಿ ಹದಿನೇಳನೇ ಜಾಗಕ್ಕೆ ಬಟ್ಟೆ ಒಗೆಯೋ ಸೋಪಿನ ತುಂಡು ಇಟ್ಟೆ. ಮೂವತ್ತಾರು ಜನದಲ್ಲಿ ಮೂವತ್ತೊಂದು ಜನ ಬೆಣಚುಕಲ್ಲು ಅಂತ ಬರೆದ್ರು. ಗಟ್ಟಿ, ಗಾಜು ಗೀರುತ್ತೆ ಅಂತಾನೂ ಬರೆದ್ರು. ಉಳಿದ ಐದು ಜನ ರಜೆ."

ಈ ಮಾತಿಗೆ ಬೇರೆ ಸಾಕ್ಷ್ಯ ಸಿಕ್ಕಿಲ್ಲ. ಅಕ್ಕನಿಗೆ ಅಲಂಕರಿಸಿ ಹೇಳುವ ಅಭ್ಯಾಸ ಉಂಟು. ಆದರೆ ಹದಿನೇಳನೆಯ ಕಲ್ಲಿನ ತಪ್ಪನ್ನು ಅವರು ಮೇಷ್ಟ್ರಿಗೆ ನೇರವಾಗಿ ತಿಳಿಸಿದ್ದರು ಎಂಬುದನ್ನು ಮೇಷ್ಟ್ರೇ ಒಪ್ಪುತ್ತಾರೆ. ಹನ್ನೊಂದನೆಯ ಮುದ್ರಣದ ಪ್ರತಿಗಳನ್ನು ಕಾಲೇಜಿಗೆ ಕೊಡಲು ಬಂದಿದ್ದ ದಿನ ಬಾಗಿಲಲ್ಲೇ ಈ ಮಾತು ನಡೆಯಿತು.

"ಮೇಷ್ಟ್ರೇ, ಹದಿನೇಳು ನಿಮ್ಮ ಪುಸ್ತಕದಲ್ಲಿ ಬೇರೆ, ಇಲ್ಲಿ ಬೇರೆ. ನೆಲ ತೊಳೆಯೋ ಆಸಿಡ್ ಚಿಮ್ಮಿದಾಗ ನೊರೆ ಬಂತು, ಕಣ್ಣಾರೆ ನೋಡ್ದೆ."

"ನೀವು ಎಷ್ಟು ಓದಿದ್ದೀರಮ್ಮ?"

"ಏಳನೇ ಕ್ಲಾಸು."

"ನನ್ನ ಪುಸ್ತಕ ಹನ್ನೊಂದು ಸಲ ಅಚ್ಚಾಗಿದೆ."

"ಕಲ್ಲು ಒಂದೇ ಸಲ ಅಚ್ಚಾಗಿರೋದು, ಮೇಷ್ಟ್ರೇ."

ಮೇಷ್ಟ್ರು ಕಲ್ಲಿನ ಬಳಿಗೆ ಹೋಗಲಿಲ್ಲ. ಪ್ರತಿಗಳಿಗೆ ರಸೀದಿ ಪಡೆದು ಮನೆಗೆ ಹೋದರು. ಹನ್ನೆರಡನೆಯ ಮುದ್ರಣಕ್ಕೆ ಹೊಸ ರಟ್ಟು ಯೋಚಿಸಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರಬೇಕಿತ್ತು: ಹನ್ನೊಂದು ಮುದ್ರಣ, ಒಂದೂ ತಿದ್ದುಪಡಿಯಿಲ್ಲ.

ಮಗಳು ಆ ಹೊತ್ತಿಗೆ ಅದೇ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅವಳ ಕಣ್ಣು ಅಂತರ್ಜಲ ಸಮೀಕ್ಷೆಯ ತರಬೇತಿಯ ಮೇಲಿತ್ತು. ಬಾವಿಗಳ ಆಳ ಅಳೆಯುವುದು, ಮಣ್ಣು ಮತ್ತು ಬಂಡೆಗಳ ನಕ್ಷೆ ಮಾಡುವುದು ಆ ಕೆಲಸ. ಸೇರಬೇಕಾದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಬೇಕು. ಅರ್ಜಿಗೆ ತಿಂಗಳ ಇಪ್ಪತ್ತನೆಯ ತಾರೀಕು ಕೊನೆ. ಮುಂದಿನ ತಂಡ ಮೂರು ವರ್ಷಗಳ ನಂತರ.

ಪರೀಕ್ಷೆಯ ದಿನ ಅವಳು ಹದಿನೇಳನೆಯ ಕಲ್ಲಿನ ಮುಂದೆ ಬಂದು ನಿಂತು, ಅದನ್ನು ಗಾಜಿನ ತುಣುಕಿನ ಮೇಲೆ ಎಳೆದಳು. ಗೀರು ಬೀಳಲಿಲ್ಲ. ಆಮ್ಲದ ಸೀಸೆ ಎತ್ತಿಕೊಂಡಳು. ಮುಚ್ಚಳ ಬರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಲ್ಯಾಬ್ ಅಕ್ಕ ಬಂದು, ಸೆರಗಿನ ತುದಿಯಲ್ಲಿ ಹಿಡಿದು ತಿರುಚಿ, ಸೀಸೆಯನ್ನು ಅವಳ ಕೈಗಿತ್ತರು. ಹನಿ ಬಿತ್ತು, ನೊರೆ ಎದ್ದಿತು. ಅವಳು ಅಮೃತಶಿಲೆ ಎಂದು ಬರೆದು ಕಾರಣ ಕೊಟ್ಟಳು. ಪರೀಕ್ಷಕರು ತೊಡೆಯ ಮೇಲಿನ ನೀಲಿ ಪುಸ್ತಕ ನೋಡಿ ಐದಕ್ಕೆ ಸೊನ್ನೆ ಹಾಕಿದರು. ಒಟ್ಟು ಐವತ್ತೆಂಟು ಬಂತು.

ಅವಳು ಮರುಪರಿಶೀಲನೆಗೆ ಅರ್ಜಿ ಕೊಟ್ಟಳು. ಕಾಲೇಜು ಹದಿನೆಂಟನೆಯ ತಾರೀಕಿಗೆ ಸಭೆ ಗೊತ್ತುಮಾಡಿ, ಉತ್ತರದ ಆಧಾರ ನೀಲಿ ಪುಸ್ತಕವಾದ್ದರಿಂದ ಅದನ್ನು ಬರೆದವರಿಂದ ಒಂದು ಸಾಲಿನ ಹೇಳಿಕೆ ಕೇಳಿತು. ಅಂದರೆ, ಮಗಳ ಮೂರು ವರ್ಷ ಅಪ್ಪನ ಒಂದು ಸಾಲಿನ ಮೇಲೆ ನಿಂತಿತು. ಹದಿನಾರನೆಯ ತಾರೀಕು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಡೆದ ಮಾತನ್ನು ತಾಯಿ ಮತ್ತು ಮಗಳು ಬಹುಮಟ್ಟಿಗೆ ಒಂದೇ ರೀತಿ ಹೇಳಿದ್ದಾರೆ.

"ಅಪ್ಪ, ನೀವು ಪಟ್ಟಿ ಬರ್ಕೊಂಡಾಗ ಇದ್ದ ಕಲ್ಲು ಬೇರೆ. ಈಗಿರೋದು ಬೇರೆ. ಅಷ್ಟು ಬರೆದ್ರೆ ಸಾಕು. ತಪ್ಪು ನಿಮ್ಮದು ಅಂತ ಯಾರೂ ಅನ್ನಲ್ಲ."

"ಹಾಗೆ ಬರೆದ್ರೆ ಹದಿನಾಲ್ಕು ವರ್ಷ ನಾನು ಕಲ್ಲು ನೋಡಿಲ್ಲ ಅಂತಾಗುತ್ತೆ."

"ನೋಡಿಲ್ವಲ್ಲ."

"ನೋಡೋ ಅಗತ್ಯ ಇರ್ಲಿಲ್ಲ. ಪಟ್ಟಿ ಇತ್ತು."

"ರೀ," ಎಂದರು ಹೆಂಡತಿ ಒಲೆಯ ಕಡೆಯಿಂದ, "ಮಗಳಿಗಿಂತ ಕಲ್ಲು ದೊಡ್ಡದಾ?"

"ಕಲ್ಲಲ್ಲ ಕಣೆ, ಪುಸ್ತಕ. ಪ್ರೆಸ್ಸಲ್ಲಿ ರಟ್ಟು ಅಚ್ಚಾಗ್ತಿದೆ, ಒಂದೂ ತಿದ್ದುಪಡಿ ಇಲ್ಲ ಅಂತ. ಐದು ಅಂಕಕ್ಕೋಸ್ಕರ ಹನ್ನೊಂದು ಮುದ್ರಣ ಸುಳ್ಳು ಮಾಡ್ಲಾ?"

"ರಟ್ಟು ಬದಲಾಯಿಸಿ."

"ರಟ್ಟು ಬದಲಾಯಿಸೋದು ಅಂದ್ರೆ ಸೀರೆ ಬದಲಾಯಿಸಿದ ಹಾಗಾ?"

"ಸೀರೆ ಎಲ್ಲಿದೆ ಬದಲಾಯಿಸೋಕೆ, ಹಗ್ಗದ ಮೇಲಿರೋದು ಎರಡು," ಎಂದು ಹೆಂಡತಿ ಮತ್ತೆ ಒಲೆಗೆ ತಿರುಗಿದರು.

ಮಗಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಆಗ್ಲಿ. ಕಲ್ಲನ್ನ ನಾನೇ ಹೋಗಿ ನೋಡಿ ಬರೀತೀನಿ," ಎಂದರು. ಅಪ್ಪ ಕಲ್ಲು ನೋಡುತ್ತೇನೆ ಎಂದದ್ದನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು. ಅಂದು ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು ಎಂದು ತಾಯಿ ನೆನೆಯುತ್ತಾರೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಟ್ಟೆಯ ಚೀಲ ಹಿಡಿದು ಹೊರಟರು. ದುರಸ್ತಿಯಲ್ಲಿದ್ದ ರಸ್ತೆಯ ಪಕ್ಕದ ಜಲ್ಲಿ ರಾಶಿಯಿಂದ ಏಳು ಬಿಳಿ ಕಲ್ಲುಗಳನ್ನು ಆರಿಸಿ ತಂದರು. ಬೆಣಚುಕಲ್ಲನ್ನು ಕಂಡು ಗುರುತಿಸಲು ಅವರಿಗೆ ಬರುತ್ತಿರಲಿಲ್ಲ. ಮೂವತ್ತು ವರ್ಷ ಅದರ ಲಕ್ಷಣಗಳನ್ನು ಬರೆಸಿದವರು ಈಗ ತಮ್ಮದೇ ಪುಸ್ತಕವನ್ನು ಕಿಟಕಿಯ ಮೇಲೆ ತೆರೆದಿಟ್ಟುಕೊಂಡು, ಒಂದೊಂದೇ ಕಲ್ಲನ್ನು ಕಿಟಕಿಯ ಗಾಜಿನ ಮೇಲೆ ಎಳೆಯತೊಡಗಿದರು. ಆ ಕೀರಲು ಸದ್ದಿಗೆ ಹೆಂಡತಿ ಒಳಗಿನಿಂದ ಬಂದರು.

"ರೀ, ಗಾಜಿಗೆ ಏನ್ ಮಾಡ್ತಿದ್ದೀರ?"

"ಸಾವಿರದ ಮುನ್ನೂರ ಎಂಟನೇ ಪ್ರಶ್ನೆ."

ಗಾಜನ್ನು ಗೀರಿದವು ನಾಲ್ಕು. ಅವುಗಳ ಮೇಲೆ ಬಚ್ಚಲು ತೊಳೆಯುವ ಆಮ್ಲ ಹನಿಸಿದರು. ಯಾವುದರಿಂದಲೂ ನೊರೆ ಬರಲಿಲ್ಲ. ಒಡೆದ ಮುಖ ಗಾಜಿನಂತೆ ಹೊಳೆಯುವ ಒಂದನ್ನು ಆರಿಸಿಕೊಂಡರು. ಅದು ಅಪ್ಪಟ ಬೆಣಚುಕಲ್ಲಾಗಿತ್ತು. ನೋಡಿ, ಗೀರಿ, ಹನಿಸಿ, ಹೋಲಿಸಿ ತೀರ್ಮಾನಿಸುವುದೇ ಈ ವಿದ್ಯೆ; ಅದು ಅವರಿಗೆ ಬಾರದ್ದೇನೂ ಆಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದಕ್ಕೆ ತಕ್ಕ ಕಾರಣ ಐವತ್ತೊಂಬತ್ತು ವರ್ಷ ಸಿಕ್ಕಿರಲಿಲ್ಲ, ಅಷ್ಟೆ. ಸಂಖ್ಯೆ ಬರೆಯಲು ಕೆಂಪು ಬಣ್ಣ ಬೇಕಾಗಿತ್ತು. ಮಗಳ ಮೇಜಿನ ಮೇಲೆ, ಸೋದರತ್ತೆಯ ಮಗಳ ಮದುವೆಗೆಂದು ಕೊಂಡ ಉಗುರುಬಣ್ಣದ ಪುಟ್ಟ ಸೀಸೆ ಇತ್ತು. ಅದರ ಕುಂಚದಿಂದ ಹದಿನೇಳು ಎಂದು ಬರೆದು, ಒಣಗಲು ಕಾರ್ಡು ಡಬ್ಬಿಗಳ ಮೇಲಿಟ್ಟರು.

ಹದಿನೆಂಟನೆಯ ತಾರೀಕು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಪ್ರಯೋಗಾಲಯಕ್ಕೆ ಹೋದಾಗ ಲ್ಯಾಬ್ ಅಕ್ಕ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದರು.

"ಕಲ್ಲು ನೋಡ್ಬೇಕಿತ್ತಮ್ಮ. ಹೇಳಿಕೆ ಬರೆಯೋಕೆ."

ಅಕ್ಕ ಎಡಗೈಯಲ್ಲಿ ಬೀಗದ ಕೈ ಕೊಟ್ಟರು. "ಸುಳ್ಳು ಹೇಳಲ್ಲ, ಅವತ್ತು ನನಗೆ ಖುಷಿ ಆಯ್ತು," ಎನ್ನುತ್ತಾರೆ ಅವರು. "ಅಂತೂ ಮನುಷ್ಯ ಕಲ್ಲು ಮುಟ್ತಾನಲ್ಲ ಅಂತ. ಮುಟ್ಟಿದ್ದು ನಿಜ. ಜೇಬಿಗೇ ಹಾಕ್ಕೊಂಡ."

ಅಮೃತಶಿಲೆಯನ್ನು ದಾರಿಯ ಚರಂಡಿಗೆ ಎಸೆದು ಮನೆಗೆ ಹೋಗಿ, ಮೂರೂವರೆಯ ಸಭೆಗೆ ಹೇಳಿಕೆಯೊಂದಿಗೆ ಮರಳುವುದು ಮೇಷ್ಟ್ರ ಲೆಕ್ಕಾಚಾರ. ಆದರೆ ಪರೀಕ್ಷಕರಿಗೆ ಮೂರು ಗಂಟೆಯ ಬಸ್ಸು ಹಿಡಿಯಬೇಕಾಗಿತ್ತು. ಸಭೆಯನ್ನು ಎರಡಕ್ಕೇ ಕರೆದರು. ಕಾಲೇಜಿನ ಮೆಟ್ಟಿಲ ಮೇಲೆಯೇ ಜವಾನ ಅವರನ್ನು ತಡೆದು ಒಳಗೆ ಕರೆದುಕೊಂಡು ಹೋದ. ಕಲ್ಲು ಕೋಟಿನ ಬಲಜೇಬಿನಲ್ಲೇ ಉಳಿಯಿತು.

ಮೇಜಿನ ಆಚೆ ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು ಮತ್ತು ಪರೀಕ್ಷಕರು. ಈಚೆ ಮಗಳು. ಗೋಡೆಯ ಪಕ್ಕ ಮೇಷ್ಟ್ರು. ಲ್ಯಾಬ್ ಅಕ್ಕ ಕಲ್ಲು, ಗಾಜು, ಸೀಸೆ ತಂದಿಟ್ಟು ಬಾಗಿಲ ಬಳಿ ನಿಂತರು. ಮೇಷ್ಟ್ರು ಅಲ್ಲೇ ಬರೆದುಕೊಟ್ಟ ಹೇಳಿಕೆಯನ್ನು ಮುಖ್ಯಸ್ಥರು ಓದಿದರು: ನಮೂನೆಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ, ಪುಸ್ತಕದ ಉತ್ತರ ಸರಿಯಿದೆ. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಸೂರಿನ ಕಡೆ ನೋಡುತ್ತಿದ್ದರು.

"ಹನಿ ಹಾಕಿ ತೋರ್ಸಮ್ಮ," ಎಂದರು ಪರೀಕ್ಷಕರು, ಗಡಿಯಾರ ನೋಡುತ್ತಾ.

ಅವಳು ಹನಿ ಬಿಟ್ಟಳು. ಹನಿ ಕಲ್ಲಿನ ಮೇಲೆ ಬಿದ್ದು ಅಲ್ಲೇ ಕುಳಿತಿತು. ಗುಳ್ಳೆಯಿಲ್ಲ, ಸದ್ದಿಲ್ಲ. ಇನ್ನೊಂದು ಹನಿ ಬಿಟ್ಟಳು.

"ಮುಗೀತಲ್ಲ," ಎಂದರು ಮುಖ್ಯಸ್ಥರು. "ಪರೀಕ್ಷೆ ದಿನ ಏನೋ ಗಾಬರೀಲಿ ನೋಡಿರ್ತೀಯ."

ಆ ಒಂದು ಗಳಿಗೆ ತಾನು ಕಂಡದ್ದನ್ನು ತಾನೇ ನಂಬದೆ ನಿಂತಿದ್ದೆನೆಂದು ಮಗಳು ಹೇಳುತ್ತಾಳೆ. ಅಪ್ಪ ತನಗೆ ಮಾಡಿದ್ದರಲ್ಲಿ ಕ್ಷಮಿಸಲಾಗದ್ದು ಅದೊಂದೇ ಎಂದೂ ಹೇಳುತ್ತಾಳೆ. ನಂತರ ಅವಳು ಕಲ್ಲನ್ನು ಹೊರಳಿಸಿದಳು. ಸಂಖ್ಯೆ ಕಂಡಿತು. ಕೆಂಪು ಹೆಚ್ಚು ಹೊಳೆಯುತ್ತಿತ್ತು, ಒಳಗೆ ಸಣ್ಣ ಮಿನುಗು ಕಣಗಳಿದ್ದವು. ಮಿನುಗು ಇರುವುದೇ ಬೇಕೆಂದು ಅಂಗಡಿಯಲ್ಲಿ ಹಟ ಮಾಡಿ ಕೊಂಡ ಬಣ್ಣ ಅದು.

"ಅಕ್ಕ," ಎಂದಳು, "ಅಸಿಟೋನ್ ಇದೆಯಾ? ಸ್ವಲ್ಪ ಹತ್ತಿನೂ ಬೇಕು. ಹದಿನಾರನೇ ಕಲ್ಲನ್ನೂ ತನ್ನಿ."

ಅಕ್ಕ ತಂದರು. ಅವಳು ಮೊದಲು ಹದಿನಾರನೆಯ ಕಲ್ಲಿನ ಸಂಖ್ಯೆಯನ್ನು ಒರೆಸಿದಳು. ಹಳೆಯ ಎಣ್ಣೆ ಬಣ್ಣ ಜಗ್ಗಲಿಲ್ಲ. ಹದಿನೇಳನ್ನು ಒರೆಸಿದಳು. ಸಂಖ್ಯೆ ಇಡಿಯಾಗಿ ಹತ್ತಿಗೆ ಬಂದು ಕಲ್ಲು ಬರಿದಾಯಿತು.

"ಇದು ಉಗುರುಬಣ್ಣ. ಕಲ್ಲು ಬದಲಾಗಿದೆ."

ಮುಖ್ಯಸ್ಥರು ಸುಲಭಕ್ಕೆ ಬಗ್ಗುವವರಲ್ಲ. "ಸಂಖ್ಯೆ ಮಾಸಿದ್ದಕ್ಕೆ ಯಾರೋ ತಿದ್ದಿರಬಹುದು. ಇದಕ್ಕಿಂತ ಮುಂಚೆ ಇದ್ದ ಕಲ್ಲು ಯಾವುದು ಅನ್ನೋದಕ್ಕೆ ಆಧಾರ ಏನು?"

ಲ್ಯಾಬ್ ಅಕ್ಕ ಬಾಗಿಲಿಂದಲೇ ಗಂಟಲು ಸರಿಪಡಿಸಿಕೊಂಡರು. "ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ, ಸರ್. ಇವತ್ತು ಒಬ್ಬರಿಗೇ ಕೊಟ್ಟಿದ್ದು."

ಯಾರೂ ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು; ಮೇಷ್ಟ್ರು ಹೆಗಲು ಮುಟ್ಟಲಿಲ್ಲ, ಬಲಜೇಬು ಮುಟ್ಟಿದರು. ಕೋಟು ಆ ಕಡೆಗೆ ಜೋತು ಬಿದ್ದಿದ್ದು ಆಗ ಎಲ್ಲರ ಕಣ್ಣಿಗೂ ಬಿತ್ತು. ಹೆಸರು ಹೇಳಿ ಮುಗಿಸಿಬಿಡಬಹುದಿತ್ತಲ್ಲ ಎಂದು ಕೇಳಿದಾಗ ಲ್ಯಾಬ್ ಅಕ್ಕನ ಉತ್ತರ: "ಅವಳಪ್ಪ. ಅವಳು ಏನ್ ಮಾಡ್ತಾಳೋ ನೋಡ್ಬೇಕಿತ್ತು."

ಮಗಳು ಎದ್ದು ಅವರ ಮುಂದೆ ಹೋಗಿ ಕೈ ಚಾಚಿದಳು.

"ಮೇಷ್ಟ್ರೇ, ಕಲ್ಲು ಕೊಡಿ."

ಅದುವರೆಗೆ ಅವಳ ಬಾಯಲ್ಲಿ ಅವರು ಅಪ್ಪ ಆಗಿದ್ದರು. ಮೇಷ್ಟ್ರು ಕಲ್ಲನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಮೇಜಿನ ಮೇಲಿಟ್ಟು ಹನಿ ಬಿಟ್ಟಳು. ನೊರೆ ಬುಸುಗುಟ್ಟಿತು. ಪರೀಕ್ಷಕರು ಐದು ಅಂಕ ಸೇರಿಸಿ ಅರವತ್ತಮೂರು ಎಂದು ಬರೆದು ರುಜು ಹಾಕಿ ಬಸ್ಸಿಗೆ ಓಡಿದರು.

ಆ ಸಭೆಯ ನಡಾವಳಿಯಲ್ಲಿ ಮೇಷ್ಟ್ರ ಪ್ರಸ್ತಾಪವೇ ಇಲ್ಲ. "ನಮೂನೆಗಳ ನಿರ್ವಹಣೆಯಲ್ಲಿ ಕಂಡುಬಂದ ಲೋಪಕ್ಕಾಗಿ ಪ್ರಯೋಗಾಲಯ ಸಹಾಯಕಿಗೆ ಎಚ್ಚರಿಕೆ ನೀಡಲಾಗಿದೆ" ಎಂಬುದು ಅದರ ಕೊನೆಯ ಸಾಲು. ಆ ಎಚ್ಚರಿಕೆ ಪತ್ರವನ್ನು ಲ್ಯಾಬ್ ಅಕ್ಕ ಕಲ್ಲಿನ ಟ್ರೇಯ ಅಡಿಗೆ ಹಾಸಿದ್ದರು. ನಿವೃತ್ತಿಯ ದಿನದವರೆಗೂ ಅದು ಅಲ್ಲೇ ಇತ್ತು. "ದಪ್ಪ ಕಾಗದ. ಕಲ್ಲು ಅಲುಗಾಡಲ್ಲ," ಎನ್ನುತ್ತಾರೆ. ಮೇಷ್ಟ್ರ ಬಗ್ಗೆ ಅವರ ಮಾತು ಇನ್ನೂ ಚಿಕ್ಕದು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಬೇಕಾದಷ್ಟು ನೋಡಿದ್ದೀನಿ. ನಾಲ್ಕನೇ ಕಾಲು ಕತ್ತರಿಸಿ, ಎಣಿಸ್ಕೊಳ್ಳಿ ಅಂದೋನು ಇವನೊಬ್ನೇ."

ಕಾಲೇಜು ಬೆಣಚುಕಲ್ಲನ್ನು ಹಿಂದಿರುಗಿಸಲಿಲ್ಲ. ಪಟ್ಟಿಗೆ ಹೊಂದುವ ಕಲ್ಲು ತಾನಾಗಿ ಬಂದಿರುವಾಗ ಪಟ್ಟಿಯನ್ನು ತಿದ್ದುವುದೇಕೆ ಎಂದು ಮುಖ್ಯಸ್ಥರು ಅದಕ್ಕೆ ಎಣ್ಣೆ ಬಣ್ಣದಲ್ಲಿ ಹದಿನೇಳು ಬರೆಸಿದರು. ಹನ್ನೆರಡನೆಯ ಮುದ್ರಣ ಅದೇ ರಟ್ಟಿನೊಂದಿಗೆ ಹೊರಬಂತು. ಅದರಲ್ಲಿ ಹದಿನೇಳನೆಯ ಉತ್ತರ ಈಗ ಅಕ್ಷರಶಃ ಸರಿ.

"ಅದನ್ನೇ ನಾನು ಹೇಳ್ತಿರೋದು," ಎನ್ನುತ್ತಾರೆ ಮೇಷ್ಟ್ರು. ಆ ಕಾರ್ಡು ಡಬ್ಬಿಗಳ ನಡುವೆಯೇ ಅವರು ಈಗಲೂ ಕೂರುತ್ತಾರೆ. ಪಕ್ಕದ ಕಿಟಕಿಯ ಗಾಜಿನಲ್ಲಿ ಆ ಬೆಳಗಿನ ನಾಲ್ಕು ಗೀರುಗಳು ಹಾಗೆಯೇ ಇವೆ. "ತಪ್ಪು ಪುಸ್ತಕದಲ್ಲಿರ್ಲಿಲ್ಲ, ಟ್ರೇಲಿತ್ತು. ನಾನು ಸರಿಪಡಿಸಿದೆ. ಹದಿನಾಲ್ಕು ವರ್ಷ ಯಾರೂ ಮಾಡದ ಕೆಲಸ."

ಮಗಳಿಗೆ ಐದು ಅಂಕ ಹೋಗುತ್ತಿತ್ತಲ್ಲ ಎಂಬ ಪ್ರಶ್ನೆಗೆ, "ಹೋಗ್ಲಿಲ್ವಲ್ಲ," ಎಂಬುದು ಅವರ ಉತ್ತರ. ಅದು ಎರಡು ಅಂಕದ ಉತ್ತರವೂ ಅಲ್ಲ.

ಮಗಳು ಹತ್ತೊಂಬತ್ತನೆಯ ತಾರೀಕು ಅರ್ಜಿ ಸಲ್ಲಿಸಿ, ತರಬೇತಿ ಮುಗಿಸಿ, ಈಗ ಬಾವಿಗಳ ಆಳ ಅಳೆಯುತ್ತಾಳೆ. ಅಮೃತಶಿಲೆಯ ಚೂರು ಅವಳ ಬಳಿಯಿದೆ. ಹೊಸದಾಗಿ ಸೇರಿದವರ ಕೈಗೆ ಅದನ್ನು ಕೊಟ್ಟು, ಮೇಲಿರುವ ಕೆಂಪು ಸಂಖ್ಯೆಯ ಬಗ್ಗೆ ಏನೂ ಹೇಳದೆ, ಇದು ಏನೆಂದು ಕೇಳುತ್ತಾಳೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಮನೆಗೆ ಬರುತ್ತಾಳೆ. ಬಂದಾಗ ತಾಯಿಯ ಜೊತೆ ಅಡುಗೆಮನೆಯಲ್ಲಿ ಹೊತ್ತು ಕಳೆಯುತ್ತಾಳೆ. ಒಮ್ಮೆ ಬೀರು ತಂದುಕೊಟ್ಟಳು. ಊಟಕ್ಕೆ ಕರೆಯುವಾಗ, ಔಷಧಿ ಕೊಡುವಾಗ, ಹೊರಡುವಾಗ, "ಮೇಷ್ಟ್ರೇ" ಎನ್ನುತ್ತಾಳೆ. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ.

ಹೆಂಡತಿಗೆ ಅದು ಪ್ರತಿ ಸಲವೂ ಮುಳ್ಳು ಮುರಿದಂತೆ ನೋಯುತ್ತದೆ. ಮೇಷ್ಟ್ರಿಗೆ ನೋವಿಲ್ಲ. ಕೊನೆಯ ದಿನದ ಮಾತುಕತೆಯಲ್ಲಿ ಈ ವಿಷಯವನ್ನು ಅವರೇ ಎತ್ತಿದರು, ಬರೆದುಕೊಳ್ಳಿ ಎಂದೂ ಹೇಳಿದರು.

"ಮನೆಯಲ್ಲೂ ಮೇಷ್ಟ್ರೇ ಅಂತಾಳೆ ನೋಡಿ. ಬೇರೆ ಮಕ್ಕಳ ಹಾಗೆ ಅಪ್ಪ ಗಿಪ್ಪ ಅನ್ನಲ್ಲ. ಕೆಲಸಕ್ಕೆ ಸೇರಿದ ಮೇಲೆ ಗೌರವ ಜಾಸ್ತಿಯಾಗಿದೆ."